ಲಾನ್ ಗೊಬ್ಬರ ಚಲೋ ಐತೆ, ಚೀಲದ ಮೇಲಿನ ಲೆಕ್ಕ ನಮ್ಮೂರಿಂದಲ್ಲ

3 ಸ್ಟಾರ್. ಎರಡು ಕಟ್ ಮಾಡಿರೋದು ಗೊಬ್ಬರಕ್ಕಲ್ಲ, ಚೀಲದ ಮೇಲೆ ಬರೆದಿರೋದಕ್ಕೆ.

ಆನ್‌ಲೈನಲ್ಲಿ ತರಿಸಿದ್ದು, 2 ಕೆಜಿ ಚೀಲ, 20-5-10 (ಅಂದ್ರೆ ನೂರಕ್ಕೆ 20 ಪಾಲು ನೈಟ್ರೋಜನ್, 5 ರಂಜಕ, 10 ಪೊಟ್ಯಾಷ್), ಸ್ಲೋ ರಿಲೀಸ್, ಅಂದ್ರೆ ನಿಧಾನಕ್ಕೆ ಕರಗಿ ಹುಲ್ಲಿಗೆ ಸೇರೋದು. ದಾವಣಗೆರೆಲಿ ನಮ್ಮನೆ ಮುಂದೆ 10ಕ್ಕೆ 20 ಅಡಿ ಜಾಗದಲ್ಲಿ ಕೆಂಟಕಿ ಬ್ಲೂಗ್ರಾಸ್ ಹಾಕಿದೀನಿ (ಗೊತ್ತು, ಚಳಿ ದೇಶದ ಹುಲ್ಲು, ಬೇಡ ಅಂತ ಎಲ್ಲರೂ ಹೇಳಿದ್ರು, ನಾನೇ ಕೇಳ್ಲಿಲ್ಲ). ಈ ಹುಲ್ಲಿಗೆ ಹಸಿವು ಜಾಸ್ತಿ, ಚೆನ್ನಾಗಿ ಇಟ್ಕೋಬೇಕಂದ್ರೆ ವರ್ಷಕ್ಕೆ 1000 ಚದರಡಿಗೆ ಒಂದೂವರೆ ಕೆಜಿ ಮೇಲೆ ನೈಟ್ರೋಜನ್ ಕೇಳುತ್ತೆ, ಅದನ್ನೂ ಒಂದೇ ಸಲ ಸುರಿಯಂಗಿಲ್ಲ, ಸಲಕ್ಕೆ 450 ಗ್ರಾಂ ದಾಟಬಾರದು. ನನ್ 200 ಚದರಡಿಗೆ ಸಲಕ್ಕೆ 90 ಗ್ರಾಂ ನೈಟ್ರೋಜನ್, ಅದಕ್ಕೆ ಈ ಗೊಬ್ಬರ ಲೆಕ್ಕ ಹಾಕಿದ್ರೂ 450 ಗ್ರಾಮೇ ಬಂತು, ಆದ್ರೆ ಅದು ಗೊಬ್ಬರದ ತೂಕ, ಗೊಂದಲ ಮಾಡ್ಕೋಬೇಡಿ.

ಡಿಸೆಂಬರಲ್ಲಿ ಹಾಕಿದ್ದು ಸೂಪರ್. ಯೂರಿಯಾ ಹಾಕಿದಂಗೆ ದಿಢೀರ್ ಅಂತ ಎದ್ದು ನಿಲ್ಲಲಿಲ್ಲ, ನಿಧಾನಕ್ಕೆ ಕಡು ಹಸಿರಾಯ್ತು, ವಾರಕ್ಕೊಂದ್ಸಲ ಕತ್ತರಿಸಿದ್ರೆ ಸಾಕಿತ್ತು.

ಕೆಟ್ಟಿದ್ದು ಮಾರ್ಚಲ್ಲಿ. ಚೀಲದ ಮೇಲೆ ವಸಂತದಲ್ಲಿ ಒಂದ್ಸಲ ಹಾಕಿ ಅಂತೈತೆ, ಯುಗಾದಿ ಬಂತಲ್ಲ ಅಂತ ಹಾಕೇಬಿಟ್ಟೆ. ಆ ಚಳಿ ದೇಶದೋರ ವಸಂತ ಅಂದ್ರೆ ಹಿಮ ಕರಗೋ ಕಾಲ, ನಮ್ಮದು ಟೆರೇಸ್ ಮೇಲೆ ಕಾಲಿಡೋಕಾಗಲ್ಲ. ಗೊಬ್ಬರದ ಕಾಳಿನ ಮೇಲಿನ ಕೋಟಿಂಗ್ ಬಿಸಿ ಏರಿದಷ್ಟೂ ಒಳಗಿನ ಗೊಬ್ಬರ ಬೇಗ ಬಿಟ್ಕೊಡುತ್ತೆ, ಸ್ಲೋ ಅನ್ನೋದು ಹೆಸರಿಗಷ್ಟೇ, ಹುಲ್ಲು ನೋಡಿದ್ರೆ ಬಿಸಿಲಿಗೆ ಬೇರು ಸೋತು ಮಲಗೋ ಟೈಮು, ಅಂಥದಕ್ಕೆ ತುರುಕಿ ತುರುಕಿ ಉಣ್ಣಿಸಿದೀನಿ. ಮೇಲಾಗಿ ಪೈಪಲ್ಲಿ ನೀರು ಹೊಡೆದು ಎಲೆ ಒದ್ದೆ ಇರುವಾಗಲೇ ಕೈಲಿ ಎರಚಿದ್ದು, ಕಾಳು ಎಲೆಗೆ ಅಂಟ್ಕೊಂಡು ನಾಲ್ಕೇ ದಿನಕ್ಕೆ ಮುಷ್ಟಿ ಬಿಚ್ಚಿದ ಕಡೆಯೆಲ್ಲ ಬೀಸಣಿಗೆ ಬಿಡಿಸಿದಂಗೆ ಒಣಮೇವಿನ ಬಣ್ಣ! ಅಪ್ಪ ನೋಡಿ, "ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆದೋರ ಮನೇಲಿ ಹುಟ್ಟಿ ಗೊಬ್ಬರ ಎರಚೋಕೆ ಬರಲ್ವೇನೋ ನಿಂಗೆ" ಅಂದ್ರು.

ತಗೊಳ್ಳೋರು ತಗೊಳ್ಳಿ, ಮಾಲು ಚೆನ್ನಾಗೈತೆ. ಆ ಕಡೆಯೋರು ಸೆಪ್ಟೆಂಬರಿಂದ ನವೆಂಬರ್ ಒಳಗೆ ಜಾಸ್ತಿ ಪಾಲು ಹಾಕ್ತಾರೆ, ನಾವು ದೀಪಾವಳಿ ಆದ್ಮೇಲೆ ಶುರು ಮಾಡಿ ಜನವರಿಗೆ ನಿಲ್ಲಿಸ್ಬೇಕು. ಎಲೆ ಒಣಗಿರುವಾಗ ಎರಚಿ, ಆಮೇಲೆ ನೀರು. ನನ್ ಹತ್ರ ಇನ್ನೂ ಒಂದು ಕೆಜಿ ಮೇಲೆ ಉಳಿದೈತೆ, ತೇವ ತಗಲಿದ್ರೆ ಗಡ್ಡೆ ಕಟ್ಟುತ್ತೆ ಅಂತ ಅಕ್ಕಿ ಡಬ್ಬಿಗೆ ಹಾಕಿ ಮುಚ್ಚಿದೀನಿ, ಮನೇಲಿ ಇನ್ನೂ ಹೇಳಿಲ್ಲ.