ಸೊಂಟ ನೋವಿಗೆ ಟೆನ್ಸ್ ಮಷಿನ್: ನಾಲ್ಕೈದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಟೆನ್ಸ್ ಅಂದರೆ ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ನೋವು ಕಡಿಮೆ ಮಾಡಲು ಸಣ್ಣ ಕರೆಂಟ್ ಕೊಡುವ ಪೆಟ್ಟಿಗೆ. ಮೊದಲೇ ಹೇಳಿಬಿಡುತ್ತೇನೆ, ಈ ಮಷಿನ್ ಸೊಂಟ ನೋವನ್ನು ವಾಸಿ ಮಾಡುವುದಿಲ್ಲ. ವಾಸಿ ಆಗುತ್ತೆ ಅಂತ ಯಾರಾದರೂ ಮಾರಿದರೆ ನಂಬಬೇಡಿ. ಇದು ಮಾಡುವುದು ಒಂದೇ ಕೆಲಸ: ಹಾಕಿಕೊಂಡಷ್ಟು ಹೊತ್ತು, ತೆಗೆದ ಮೇಲೂ ಸ್ವಲ್ಪ ಹೊತ್ತು, ನೋವನ್ನು ತಡೆದುಕೊಳ್ಳುವ ಮಟ್ಟಕ್ಕೆ ಇಳಿಸುತ್ತದೆ. ಆ ಹೊತ್ತನ್ನು ನೀವು ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ದುಡ್ಡು ದಂಡವೋ ಅಲ್ಲವೋ ತೀರ್ಮಾನ ಆಗುತ್ತೆ.

ನಾನು ಮನೆಯಲ್ಲೇ ಟೈಲರಿಂಗ್ ಮಾಡುವವಳು. ಬ್ಲೌಸ್, ಫಾಲ್ಸ್, ಪೀಕೋ. ಬಗ್ಗಿ ಕೂರುವ ಕೆಲಸ. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ಕೆಳಗಿನ ಎರಡು ಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂತು. ಸೊಂಟದ ಎಡಗಡೆಯಿಂದ ತೊಡೆಯ ಹಿಂಭಾಗ ಹಾದು ಮೀನಖಂಡದ ತನಕ ಎಳೆತ, ತುಂಬಾ ಹೊತ್ತು ಕೂತರೆ ಪಾದ ಜೋಮು. ಆಪರೇಷನ್ ಬೇಡ, ವ್ಯಾಯಾಮ ಮಾಡಿ ಅಂದರು ಡಾಕ್ಟರ್. ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಶುರುವಾಯಿತು. ಆಮೇಲೆ ಫಿಸಿಯೋಥೆರಪಿ. ನಮ್ಮ ಕಡೆ ಎಲ್ಲರೂ ಹೇಳುವ ಹಾಗೆ "ಕರೆಂಟ್ ಇಡಿಸಿಕೊಳ್ಳೋದು". ಅಲ್ಲಿ ಇಡುತ್ತಿದ್ದದ್ದು ಐಎಫ್‌ಟಿ, ಅಂದರೆ ಸುಮಾರು 4000 ಹರ್ಟ್ಸ್‌ನ ಎರಡು ಕರೆಂಟ್‌ಗಳನ್ನು ಅಡ್ಡಡ್ಡ ಬಿಟ್ಟು, ಅವು ಸೇರುವ ಜಾಗದಲ್ಲಿ ಕೆಲಸ ಆಗುವಂತೆ ಮಾಡುವ ದೊಡ್ಡ ಪೆಟ್ಟಿಗೆ. ಹಾಯಾಗಿರುತ್ತಿತ್ತು. ಆದರೆ ಆಟೋದಲ್ಲಿ ಕುಲುಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಅರ್ಧ ಆರಾಮ ಹೋಗಿರುತ್ತಿತ್ತು. ದಿನಾ ಹೋಗಿಬರುವ ಖರ್ಚು ನೋಡಿ ಫಿಸಿಯೋ ಮೇಡಂ ಅವರೇ ಅಂದರು, "ಮನೆಗೆ ಒಂದು ಟೆನ್ಸ್ ತಗೊಳ್ಳಿ, ಎಲ್ಲಿ ಅಂಟಿಸಬೇಕು ಅಂತ ನಾನು ತೋರಿಸ್ತೀನಿ" ಅಂತ.

ಬ್ರ್ಯಾಂಡ್ ಹೆಸರು ಬರೆಯುವುದಿಲ್ಲ. ಈ ಬೆಲೆಯಲ್ಲಿ ಸಿಗುವ ಪೆಟ್ಟಿಗೆಗಳ ಒಳಗೆ ಅಂಥ ದೊಡ್ಡ ವ್ಯತ್ಯಾಸ ನನಗೆ ಕಂಡಿಲ್ಲ. ನನ್ನದು ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು, ಎರಡು ಚಾನೆಲ್ (ಒಂದೊಂದಕ್ಕೆ ಒಂದು ಜೋಡಿ ಪ್ಯಾಡ್), ಒಟ್ಟು ನಾಲ್ಕು ಪ್ಯಾಡ್, 9 ವೋಲ್ಟ್‌ನ ಚೌಕ ಬ್ಯಾಟರಿ. ಮೇಲೆ ಎರಡು ತಿರುಗಿಸುವ ಗುಂಡಿ, ಚಾನೆಲ್‌ಗೆ ಒಂದೊಂದು. ಡಿಜಿಟಲ್ ಪರದೆ ಇರುವುದಕ್ಕಿಂತ ಈ ತಿರುಗಿಸುವ ಗುಂಡಿಯೇ ನನಗೆ ಇಷ್ಟ, ಕಣ್ಣು ಬಟ್ಟೆಯ ಮೇಲೆ ಇದ್ದರೂ ಕೈ ಸೊಂಟಕ್ಕೆ ಹೋಗಿ ಸ್ವಲ್ಪ ಜಾಸ್ತಿ ಮಾಡಿಕೊಳ್ಳಬಹುದು. ತಗೊಳ್ಳುವಾಗ ನೋಡಬೇಕಾದದ್ದು ಇಷ್ಟೇ: ಫ್ರೀಕ್ವೆನ್ಸಿಯನ್ನು (ಸೆಕೆಂಡಿಗೆ ಎಷ್ಟು ಸಲ ಕರೆಂಟ್ ಮಿಡಿಯುತ್ತೆ ಅನ್ನುವುದು) 2ರಿಂದ ಒಂದು 100–150 ಹರ್ಟ್ಸ್ ತನಕ ನಾವೇ ಬದಲಾಯಿಸುವ ಹಾಗಿರಬೇಕು, ಪಲ್ಸ್ ವಿಡ್ತ್ (ಒಂದೊಂದು ಮಿಡಿತ ಎಷ್ಟು ಹೊತ್ತು ಇರುತ್ತೆ ಅನ್ನುವುದು) ಕೂಡ ಬದಲಾಯಿಸುವಂತಿರಬೇಕು, ನಾರ್ಮಲ್ (ಒಂದೇ ಸಮ), ಬರ್ಸ್ಟ್ (ಗುಂಪು ಗುಂಪಾಗಿ, ಬಿಟ್ಟು ಬಿಟ್ಟು), ಮಾಡ್ಯುಲೇಷನ್ (ತಾನಾಗೇ ಹೆಚ್ಚುಕಡಿಮೆ ಆಗುವುದು) ಅಂತ ಮೂರು ಮೋಡ್ ಇದ್ದರೆ ಒಳ್ಳೆಯದು. ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಚಿಟ್ಟೆ ಆಕಾರದ ಸ್ಟಿಕ್ಕರ್ "ಮಸಾಜರ್" ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಎಷ್ಟು ಕರೆಂಟ್, ಯಾವ ಫ್ರೀಕ್ವೆನ್ಸಿ ಅಂತ ಪೆಟ್ಟಿಗೆ ಮೇಲೆ ಒಂದಕ್ಷರ ಇರುವುದಿಲ್ಲ. ಇನ್ನು ಇಎಂಎಸ್ ಅಂತ ಬರೆದಿರುವುದು ಬೇರೆ ಜಾತಿ, ಅದು ಸ್ನಾಯು ಕುಣಿಸುವುದಕ್ಕೆ, ನೋವಿಗಲ್ಲ.

ಹೇಗಿರುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಶಾಕ್ ಹೊಡೆಯುತ್ತಾ ಅಂತ. ಇಲ್ಲ. ಗುಂಡಿ ತಿರುಗಿಸುತ್ತಾ ಹೋದರೆ ಮೊದಲು ಏನೂ ಗೊತ್ತಾಗುವುದಿಲ್ಲ, ಆಮೇಲೆ ಇರುವೆ ಹರಿದಾಡಿದ ಹಾಗೆ, ಇನ್ನೂ ಸ್ವಲ್ಪ ತಿರುಗಿಸಿದರೆ ಗಟ್ಟಿಯಾಗಿ ಜುಮ್ ಅನ್ನುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಜೋರಾಗಿ ಗೊತ್ತಾಗಬೇಕು, ಆದರೆ ನೋಯಬಾರದು. ತುಂಬಾ ಜನ ಹೆದರಿಕೊಂಡು ಇರುವೆ ಹರಿದಾಡುವ ಹಂತದಲ್ಲೇ ಬಿಟ್ಟು, ಏನೂ ಉಪಯೋಗ ಇಲ್ಲ ಅಂತಾರೆ. ಐದು ಹತ್ತು ನಿಮಿಷಕ್ಕೆ ಮೈಗೆ ಒಗ್ಗಿಹೋಗಿ ಜುಮ್ ಅನ್ನುವುದು ಮಾಯವಾಗುತ್ತೆ, ಆಗ ಮತ್ತೆ ಒಂದು ಚೂರು ಏರಿಸಬೇಕು. ನಾನು ಒಂದು ಜೋಡಿ ಪ್ಯಾಡ್ ಬೆನ್ನುಮೂಳೆಯ ಅಕ್ಕಪಕ್ಕ ಅಂಟಿಸುತ್ತೇನೆ, ಮೂಳೆಯ ಮೇಲಲ್ಲ. ಇನ್ನೊಂದು ಜೋಡಿ ಎಡಗಾಲಿಗೆ, ಎಳೆತ ಹಾದುಹೋಗುವ ದಾರಿಯಲ್ಲಿ. ಪ್ಯಾಡ್‌ಗಳು ಒಂದಕ್ಕೊಂದು ತಾಗಬಾರದು. ಆಫ್ ಮಾಡದೆ ಕಿತ್ತರೆ ಅಂಚಿನಲ್ಲಿ ಚುರ್ ಅನ್ನುತ್ತೆ, ಅಪಾಯ ಏನಿಲ್ಲ, ಆದರೆ ಬೈಗುಳ ತಾನಾಗೇ ಬರುತ್ತೆ.

ಯಾಕೆ ಕೆಲಸ ಮಾಡುತ್ತೆ ಅನ್ನುವುದಕ್ಕೆ ಒಂದು ಕಥೆ ಇದೆ. ಮೊಣಕೈ ಬಾಗಿಲಿಗೆ ತಾಗಿದಾಗ ಥಟ್ಟನೆ ಕೈಯಲ್ಲಿ ಉಜ್ಜಿಕೊಳ್ಳುತ್ತೇವೆ, ನೋವು ಕಡಿಮೆ ಆಗುತ್ತೆ, ಅಲ್ವಾ? 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್, ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ಇದಕ್ಕೆ ಗೇಟ್ ಕಂಟ್ರೋಲ್ ಅನ್ನುವ ವಿವರಣೆ ಕೊಟ್ಟರು. ಸ್ಪರ್ಶ ಒಯ್ಯುವ ದಪ್ಪ ನರಗಳು ಜೋರಾಗಿ ಕೆಲಸ ಮಾಡಿದರೆ, ನೋವು ಒಯ್ಯುವ ಸಣ್ಣ ನರಗಳ ಸುದ್ದಿಗೆ ಬೆನ್ನುಹುರಿಯಲ್ಲೇ ಬಾಗಿಲು ಮುಚ್ಚುತ್ತದೆ ಅಂತ. ಎರಡು ವರ್ಷಕ್ಕೆ, 1967ರಲ್ಲಿ, ನಾರ್ಮನ್ ಶೀಲಿ ಅನ್ನುವ ಅಮೆರಿಕದ ಸರ್ಜನ್ ಬೆನ್ನುಹುರಿಯ ಹತ್ತಿರವೇ ಕರೆಂಟ್ ಕೊಡುವ ಸಾಧನವನ್ನು ರೋಗಿಯೊಬ್ಬರ ಮೈಯೊಳಗೆ ಕೂರಿಸಿದರು. ಯಾರಿಗೆ ಇಂಥದ್ದು ಹೊಂದುತ್ತೆ ಅಂತ ಮೊದಲು ಪರೀಕ್ಷೆ ಮಾಡಲು ಚರ್ಮದ ಮೇಲಿಂದ ಕರೆಂಟ್ ಕೊಟ್ಟು ನೋಡುತ್ತಿದ್ದರಂತೆ, ಎಷ್ಟೋ ಜನಕ್ಕೆ ಅಷ್ಟರಲ್ಲೇ ಹಾಯೆನಿಸಿತಂತೆ. ನಮ್ಮ ಟೆನ್ಸ್ ಬಂದದ್ದು ಹಾಗೆ. ಒಳಗೆ ಕೂರಿಸುವ ಆ ಸಾಧನ ಈಗಲೂ ಇದೆ, ನಮ್ಮಲ್ಲೂ ಮಾಡುತ್ತಾರೆ, ಲಕ್ಷಗಟ್ಟಲೆ ಖರ್ಚು. ಬೇರೆ ಏನೂ ಕೈಹಿಡಿಯದ ತೀವ್ರ ನರದ ನೋವಿನವರಿಗೆ ಅದು. ನನ್ನಂಥವರಿಗಲ್ಲ.

ಈಗ ಮುಖ್ಯ ವಿಷಯ. ಹೆಚ್ಚಿನವರು ಇದನ್ನು ಹಾಕಿಕೊಂಡು ಮಲಗುತ್ತಾರೆ, ಟಿವಿ ನೋಡುತ್ತಾರೆ. ಕ್ಲಿನಿಕ್‌ನಲ್ಲಿ ಮಲಗಿಸಿಯೇ ಕೊಡುವುದರಿಂದ ಹಾಗೆ ಅಭ್ಯಾಸ. ನನ್ನ ಅನುಭವದಲ್ಲಿ ಅದು ಅರ್ಧ ವ್ಯರ್ಥ. ಮಲಗಿದಾಗ ನನಗೆ ಹೇಗೂ ನೋವು ಕಡಿಮೆ! ನನ್ನ ನೋವು ಇರುವುದು ಏಳುವಾಗ, ನಿಲ್ಲುವಾಗ, ನಡೆಯುವಾಗ. ಅದಕ್ಕೆ ಕಟಿಂಗ್ ಮಾಡಲು ಮೇಜಿನ ಮುಂದೆ ನಿಲ್ಲುವ ಮೊದಲೇ ಅಂಟಿಸಿಕೊಂಡು, ಪೆಟ್ಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ಸಂಜೆಯ ನಡಿಗೆ ಎಲ್ಲ ಇದನ್ನು ಹಾಕಿಕೊಂಡೇ. ಮಷಿನ್ ಇಲ್ಲದಿದ್ದಾಗ ಆ ವ್ಯಾಯಾಮ ಎರಡು ಮೂರು ಸಲ ಮಾಡಿ ಬಿಟ್ಟುಬಿಡುತ್ತಿದ್ದೆ. ಈಗ ಪೂರ್ತಿ ಮಾಡುತ್ತೇನೆ, ಸೊಂಟ ಸುಧಾರಿಸಿದ್ದು ಅದರಿಂದಲೇ ಅಂತ ನನ್ನ ನಂಬಿಕೆ, ಕರೆಂಟಿನಿಂದ ಅಲ್ಲ. ಇದು ನನ್ನೊಬ್ಬಳ ಮಾತೇನಲ್ಲ, ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು ಫೈಬ್ರೊಮಯಾಲ್ಜಿಯಾ (ಮೈಯೆಲ್ಲ ಬಹಳ ಕಾಲ ನೋಯುವ ಕಾಯಿಲೆ) ಇರುವ ಹೆಂಗಸರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬಂತು, ಅದರಲ್ಲೂ ಓಡಾಡುತ್ತಾ ಟೆನ್ಸ್ ಬಳಸಿದವರಿಗೆ ಚಲಿಸುವಾಗಿನ ನೋವು ಕಡಿಮೆಯಾಗಿತ್ತು.

ಒಂದು ಎಚ್ಚರಿಕೆ: ಮೋಟರ್ ಹೊಲಿಗೆ ಮಷಿನ್ ಓಡಿಸುವಾಗ ನಾನು ಹಾಕುವುದೇ ಇಲ್ಲ. ಒಂದು ಪ್ಯಾಡ್ ಸಡಿಲವಾಗಿ ಚುರ್ ಅಂದರೆ ಕೈ ಬೆಚ್ಚುತ್ತೆ, ಬೆರಳು ಸೂಜಿಯ ಕೆಳಗೆ. ಗಾಡಿ ಓಡಿಸುವಾಗಲೂ ಬೇಡ, ಸ್ನಾನದಲ್ಲಂತೂ ಬೇಡವೇ ಬೇಡ, ನಿದ್ದೆಗೂ ಬೇಡ.

ದಿನಾ ಒಂದೇ ಸೆಟ್ಟಿಂಗ್‌ನಲ್ಲಿ ಇಟ್ಟರೆ ಕೆಲವು ವಾರದಲ್ಲಿ ಸಪ್ಪೆ ಆಗಿಬಿಡುತ್ತೆ. ನನಗೆ ಮೊದಲ ವರ್ಷವೇ ಹಾಗಾಯಿತು, ಮಷಿನ್ ಕೆಟ್ಟಿದೆ ಅಂತ ಬ್ಯಾಟರಿ ಬದಲಾಯಿಸಿದ್ದೇ ಬದಲಾಯಿಸಿದ್ದು. ಮೈ ಒಗ್ಗಿಹೋಗುವುದು ಇದರಲ್ಲಿ ಗೊತ್ತಿರುವ ವಿಷಯವೇ ಅಂತೆ. ಈಗ ಬೆಳಗ್ಗೆ 80–100 ಹರ್ಟ್ಸ್ ಇಟ್ಟರೆ, ಸಂಜೆ ಬರ್ಸ್ಟ್ ಅಥವಾ 2–4 ಹರ್ಟ್ಸ್. ಈ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಸ್ನಾಯು ಟಕ್ ಟಕ್ ಅಂತ ಕುಣಿಯುತ್ತೆ, ಕೆಲಸ ಮಾಡುತ್ತಾ ಬಳಸಲಾಗುವುದಿಲ್ಲ, ಆದರೆ ತೆಗೆದ ಮೇಲೂ ಆರಾಮ ಜಾಸ್ತಿ ಹೊತ್ತು ಉಳಿಯುತ್ತೆ. ಅರ್ಧ ಗಂಟೆ ಮೀರಿಸಿದರೆ ಮರುದಿನ ಆ ಜಾಗವೇ ನೋಯುತ್ತೆ. ಮಧ್ಯೆ ವಾರಕ್ಕೆ ಒಂದು ದಿನ ಪೂರ್ತಿ ಬಿಡುತ್ತೇನೆ. ಕಾಫಿ ಪ್ರಿಯರಿಗೆ ಒಂದು ಕೆಟ್ಟ ಸುದ್ದಿ: ಕೆಫೀನ್ ಟೆನ್ಸ್‌ನ ಪರಿಣಾಮವನ್ನು ಕಡಿಮೆ ಮಾಡಬಹುದು ಅಂತ 1995ರಲ್ಲಿ ಒಂದು ಪುಟ್ಟ ಅಧ್ಯಯನ ಬಂದಿದೆ. ಓದಿದೆ. ಕಾಫಿ ಬಿಟ್ಟಿಲ್ಲ.

ಖರ್ಚಿನ ಮಾತು. ಮಷಿನ್‌ಗೆ ಕೊಟ್ಟದ್ದು ಎರಡೂವರೆ ಸಾವಿರದೊಳಗೆ, ಒಂದೇ ಸಲದ ಖರ್ಚು. ಜೇಬು ಕತ್ತರಿಸುವುದು ಪ್ಯಾಡ್. ಅಂಟಿನ ಪ್ಯಾಡ್ ಇಪ್ಪತ್ತು ಮೂವತ್ತು ಸಲ ಅಂತ ಬರೆದಿರುತ್ತಾರೆ, ನಮ್ಮ ಬೇಸಿಗೆಯ ಬೆವರಿಗೆ ಅಷ್ಟು ಬರುವುದಿಲ್ಲ. ಬೆನ್ನನ್ನು ಸೋಪಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಅಂಟಿಸಿದರೆ ಬಾಳಿಕೆ ಜಾಸ್ತಿ. ಎಣ್ಣೆ ಸ್ನಾನದ ದಿನ ಪ್ರಯತ್ನವೇ ಮಾಡಬೇಡಿ, ಹರಳೆಣ್ಣೆ ಒಂದು ಚೂರು ಉಳಿದಿದ್ದರೂ ಪ್ಯಾಡ್ ಹಾಳು. ನೋವಿನ ಮುಲಾಮು ಹಚ್ಚಿದ ಜಾಗಕ್ಕೂ ಇದೇ ಮಾತು, ಅದರ ಮೇಲೆ ಉರಿ ಬೇರೆ. ತೆಗೆಯುವಾಗ ವೈರ್ ಹಿಡಿದು ಎಳೆಯಬಾರದು, ಮೂಲೆಯಿಂದ ಬಿಡಿಸಿ ಪ್ಲಾಸ್ಟಿಕ್ ಹಾಳೆಗೆ ವಾಪಸ್ ಅಂಟಿಸಬೇಕು. ಅಂಟು ಸತ್ತಾಗ ಬೆರಳು ಒದ್ದೆ ಮಾಡಿ ಒಂದು ಹನಿ ನೀರು ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಇನ್ನೂ ನಾಲ್ಕು ಸಲ ಬರುತ್ತೆ. ಈಗ ನಾನು ಕಪ್ಪು ರಬ್ಬರ್ ಪ್ಯಾಡ್‌ಗೆ ಬದಲಾಗಿದ್ದೇನೆ. ಜೆಲ್ ಹಚ್ಚಿ ಬೆಲ್ಟ್ ಕಟ್ಟಬೇಕು, ಗಲೀಜು, ಆದರೆ ವರ್ಷಗಟ್ಟಲೆ ಬರುತ್ತೆ. ಹೊರಗೆ ಹೋಗುವ ದಿನಕ್ಕೆ ಮಾತ್ರ ಅಂಟಿನದು. ಬೆನ್ನಿಗೆ ಒಬ್ಬರೇ ಅಂಟಿಸಿಕೊಳ್ಳುವುದು ಕಷ್ಟ, ಮಗಳು ಕಾಲೇಜಿಗೆ ಹೊರಡುವ ಮೊದಲು ಅಂಟಿಸಿಯೇ ಹೋಗಬೇಕು. ಒಂದೇ ಜಾಗಕ್ಕೆ ದಿನಾ ಅಂಟಿಸಿ ಚರ್ಮ ಕೆಂಪಾಗಿ ನವೆ ಬಂದಿತ್ತು, ಈಗ ಒಂದಿಂಚು ಆಚೀಚೆ ಮಾಡುತ್ತಿರುತ್ತೇನೆ.

ವೈದ್ಯಲೋಕದಲ್ಲಿ ಇದರ ಬಗ್ಗೆ ಒಮ್ಮತ ಇಲ್ಲ, ಅದನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಟೆನ್ಸ್ ಕೊಡಬೇಡಿ ಅಂತ ಹೇಳಿತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಕೂಡ 2012ರಲ್ಲಿ ಹಳೆಯ ಸೊಂಟ ನೋವಿಗೆ ಇದರ ದುಡ್ಡು ಕೊಡುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಇನ್ನೊಂದು ಕಡೆ, 2022ರಲ್ಲಿ 381 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದ ವಿಮರ್ಶೆ ಬಂತು, ಹಾಕಿಕೊಂಡಾಗ ಮತ್ತು ತೆಗೆದ ತಕ್ಷಣ ನೋವು ಇಳಿಯುತ್ತದೆ, ದೊಡ್ಡ ತೊಂದರೆಗಳೂ ಕಂಡಿಲ್ಲ ಅಂತ. ನನಗೆ ಇವೆರಡೂ ಜಗಳ ಆಡುತ್ತಿವೆ ಅನ್ನಿಸುವುದಿಲ್ಲ. ಆರು ತಿಂಗಳಾದ ಮೇಲೆ ಸೊಂಟ ಸರಿಹೋಗಿದೆಯಾ ಅಂತ ಕೇಳಿದರೆ ಇಲ್ಲ, ಈಗ ನೋವು ಕಡಿಮೆಯಾ ಅಂತ ಕೇಳಿದರೆ ಹೌದು. ನನಗೆ ಬೇಕಿದ್ದದ್ದು ಎರಡನೆಯದು.

ಯಾರು ಮುಟ್ಟಬಾರದು: ಪೇಸ್‌ಮೇಕರ್ ಇರುವವರು, ಡಾಕ್ಟರನ್ನು ಕೇಳದೆ ಬಸುರಿಯರು ಮತ್ತು ಫಿಟ್ಸ್ ಇರುವವರು. ಕತ್ತಿನ ಮುಂಭಾಗ, ತಲೆ, ಎದೆಗೆ ಅಡ್ಡವಾಗಿ, ಗಾಯದ ಮೇಲೆ ಯಾರೂ ಅಂಟಿಸಬಾರದು. ಶುಗರ್‌ನಿಂದ ಪಾದದ ಸ್ಪರ್ಶ ಹೋಗಿರುವವರೂ ಹುಷಾರು. ನಮ್ಮ ಅತ್ತೆಯವರು "ನನಗೂ ಒಂದ್ಸಲ ಕಾಲಿಗೆ ಇಡಮ್ಮ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ ಅಂಗಾಲಲ್ಲಿ ಚಪ್ಪಲಿ ಜಾರಿದ್ದೇ ಗೊತ್ತಾಗುವುದಿಲ್ಲ, ಎಷ್ಟು ಕರೆಂಟ್ ಹೋಗುತ್ತಿದೆ ಅಂತ ಗೊತ್ತಾಗುವುದಾದರೂ ಹೇಗೆ? ಇಟ್ಟಿಲ್ಲ. ಮತ್ತೆ, ಸೊಂಟ ನೋವಿನ ಜೊತೆಗೆ ಪಾದ ಎತ್ತಲಾಗದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಮಷಿನ್ ಹುಡುಕುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಕಳೆದದ್ದು ವೈರ್‌ಗೆ, ಪಿನ್ ಸೇರುವ ಜಾಗದಲ್ಲಿ ಒಳಗೇ ಮುರಿದು ಎರಡು ಸಲ ಬದಲಾಯಿಸಿದ್ದೇನೆ. ಅರ್ಧ ಕಳೆದದ್ದು ಪ್ಯಾಡ್ ಬೆಲೆಗೆ. ತಗೊಳ್ಳುವ ಮನಸ್ಸಿದ್ದರೆ ಸುಮ್ನೆ ಆರ್ಡರ್ ಮಾಡಬೇಡಿ, ನಿಮ್ಮ ಫಿಸಿಯೋ ಹತ್ತಿರ ಕೈಯಲ್ಲಿ ಹಿಡಿಯುವ ಸಣ್ಣ ಟೆನ್ಸ್ ಇದೆಯಾ ಕೇಳಿ. ಹಾಕಿಸಿಕೊಂಡು, ಮಲಗಬೇಡಿ, ಎದ್ದು ಅಲ್ಲೇ ಕಾರಿಡಾರ್‌ನಲ್ಲಿ ಇಪ್ಪತ್ತು ನಿಮಿಷ ಓಡಾಡಿ ನೋಡಿ. ನಡಿಗೆಯಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಆ ದುಡ್ಡನ್ನು ಒಳ್ಳೆಯ ಕುರ್ಚಿಗೆ ಹಾಕಿ.