ಡಿಯೆಪ್‌ನಿಂದ ಫೋರ್ಜ್-ಲೆ-ಜೋವರೆಗೆ: ಅವೆನ್ಯೂ ವೆರ್ತ್ ಸೈಕಲ್ ಹಾದಿಯ ವಿಮರ್ಶೆ

ಮೋಟಾರು ವಾಹನಗಳ ಕಾಟವಿಲ್ಲದೆ, ಏರು ಹತ್ತುವ ಏದುಸಿರೂ ಇಲ್ಲದೆ, ಗುಡ್ಡಗಳ ಸೀಮೆಯೊಂದರಲ್ಲಿ ದಿನವಿಡೀ ಸೈಕಲ್ ತುಳಿಯಬೇಕೆಂಬ ಆಸೆಯುಳ್ಳ ಸ್ನೇಹಿತರಿಗೆ ನಾನು ಮೊದಲು ಹೇಳುವ ಹೆಸರು ಫ್ರಾನ್ಸಿನ ಅವೆನ್ಯೂ ವೆರ್ತ್. ಲಂಡನ್ನಿನಿಂದ ಪ್ಯಾರಿಸ್ಸಿನವರೆಗೆ ಹಬ್ಬಿರುವ ಈ ಹಾದಿಯನ್ನು 2012ರ ಒಲಿಂಪಿಕ್ಸ್ ಹೊತ್ತಿಗೆ ಅಧಿಕೃತವಾಗಿ ತೆರೆಯಲಾಯಿತು. ಇಡೀ ಹಾದಿ 400 ಕಿಲೋಮೀಟರಿಗೂ ಉದ್ದವಾಗಿದ್ದು, ಅದರ ಬಹುಭಾಗ ವಾಹನಗಳೂ ಓಡಾಡುವ ಹಳ್ಳಿ ರಸ್ತೆಗಳ ಮೇಲೆಯೇ ಸಾಗುತ್ತದೆ. ನಾನಿಲ್ಲಿ ಬರೆಯುತ್ತಿರುವುದು ನಾರ್ಮಂಡಿಯ ಕಡಲತೀರದ ಡಿಯೆಪ್ ಪಟ್ಟಣದಿಂದ ಒಳನಾಡಿನ ಫೋರ್ಜ್-ಲೆ-ಜೋವರೆಗಿನ, ಸುಮಾರು 50 ಕಿಲೋಮೀಟರಿನ ಭಾಗದ ಬಗ್ಗೆ ಮಾತ್ರ. ಇದರಲ್ಲಿ ಮೊದಲಿನ ಕೆಲವು ಕಿಲೋಮೀಟರು ಬಿಟ್ಟರೆ ಉಳಿದುದೆಲ್ಲವೂ ಸೈಕಲ್ಲಿಗೆ, ನಡೆಯುವವರಿಗೆ ಮತ್ತು ಸ್ಕೇಟಿಂಗ್ ಮಾಡುವವರಿಗೆ ಮೀಸಲು.

ಈ ಹಾದಿಯ ಸುಖಕ್ಕೆಲ್ಲ ಮೂಲ ಕಾರಣ, ಒಂದು ಕಾಲಕ್ಕೆ ಇದು ಪ್ಯಾರಿಸ್ಸಿಗೂ ಡಿಯೆಪ್‌ಗೂ ನಡುವೆ ಓಡುತ್ತಿದ್ದ ರೈಲಿನ ಮಾರ್ಗವಾಗಿತ್ತು ಎಂಬುದು. ಉಗಿಬಂಡಿಗೆ ಕಡಿದಾದ ಏರು ಒಗ್ಗುವುದಿಲ್ಲವಾದ್ದರಿಂದ ಹಳಿ ಹಾಕಿದವರು ಬೆತ್ಯೂನ್ ನದಿಯ ಕಣಿವೆಯನ್ನೇ ಹಿಡಿದು, ಸಮುದ್ರಮಟ್ಟದಲ್ಲಿರುವ ಡಿಯೆಪ್‌ನಿಂದ 150 ಮೀಟರಿಗೂ ತುಸು ಎತ್ತರದಲ್ಲಿರುವ ಫೋರ್ಜ್‌ವರೆಗೆ ಬಹಳ ನಿಧಾನವಾಗಿ ಏರುತ್ತ ಹೋಗಿದ್ದಾರೆ. ಸರಾಸರಿ ಲೆಕ್ಕ ಹಾಕಿದರೆ ಕಿಲೋಮೀಟರಿಗೆ ಮೂರು ಮೀಟರಿನಷ್ಟು ಏರು. ಅದು ಕಾಲಿಗೆ ಗೊತ್ತಾಗುವುದೇ ಇಲ್ಲ. ಹಳಿ ಕಿತ್ತ ಜಾಗಕ್ಕೆ ನುಣುಪಾದ ಡಾಂಬರು ಹಾಸಿದ್ದಾರೆ. ಸೈಕಲ್ಲನ್ನು ಕಾಲೇಜು ಬಿಟ್ಟ ಮೇಲೆ ಮುಟ್ಟಿಯೇ ಇರದ, ಶಿವಮೊಗ್ಗದಿಂದ ಬಂದಿದ್ದ ನಮ್ಮ ಅತ್ತೆಯವರು ಬಾಡಿಗೆಯ ವಿದ್ಯುತ್ ಸೈಕಲ್ಲಿನಲ್ಲಿ ನಮ್ಮೊಂದಿಗೆ ಸಲೀಸಾಗಿ ಬಂದರು ಎಂದರೆ ಹಾದಿಯ ಗುಣ ಅರ್ಥವಾದೀತು. ಅಲ್ಲಲ್ಲಿ ಹಳ್ಳಿ ರಸ್ತೆ ಅಡ್ಡ ಬರುವಲ್ಲಿ ಸೈಕಲ್ಲಿನವರು ನಿಂತು ದಾರಿ ಬಿಡಬೇಕು. ಅಂಥ ಕಡೆಗಳಲ್ಲಿ ಹಳೆಯ ರೈಲ್ವೆ ಗೇಟಿನ ಕಾವಲುಗಾರರ ಪುಟ್ಟ ಮನೆಗಳು ಇನ್ನೂ ಉಳಿದಿವೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಎಚ್ಚರ ವಹಿಸಬೇಕಾದದ್ದು ಈ ದಾಟುಗಳಲ್ಲಿ ಮಾತ್ರ.

ನೋಡಲು ಕಲಿತರೆ ಇಲ್ಲಿನ ನೆಲವೂ ಬಹಳ ಕುತೂಹಲದ್ದು. ಡಿಯೆಪ್ ಬಂದರಿನಲ್ಲಿ ಹಡಗು ಇಳಿಯುತ್ತಿದ್ದಂತೆಯೇ ತಲೆಯ ಮೇಲೆ ಬಿಳಿಯ ಸೀಮೆಸುಣ್ಣದ ಬಂಡೆಗೋಡೆ ಎದ್ದು ನಿಂತಿರುತ್ತದೆ. ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯಲ್ಲಿ ಬಿಟ್ಟು ಬಂದ ಬಂಡೆಯೂ ಇದೂ ಒಂದೇ ಪದರ. ಇಂಗ್ಲಿಷ್ ಕಾಲುವೆ ಎಂಬ ಕಡಲು ನಡುವೆ ಬಂದಿದೆ, ಅಷ್ಟೆ. ಗೋಡೆಯ ಉದ್ದಕ್ಕೂ ಸಾಲುಸಾಲಾಗಿ ಕಾಣುವ ಕಪ್ಪು ಗೆರೆಗಳು ಚಕಮಕಿ ಕಲ್ಲಿನವು. ಅದೇ ಕಲ್ಲು ಕಡಲಿಗೆ ಬಿದ್ದು ಉರುಳಿ ಸಮುದ್ರತೀರದ ಗುಂಡುಕಲ್ಲುಗಳಾಗಿದೆ. ಅದನ್ನೇ ಒಡೆದು, ಒಳಗಿನ ಹೊಳೆಯುವ ಕಪ್ಪು ಮೈ ಹೊರಗೆ ಕಾಣುವಂತೆ ಇಟ್ಟಿಗೆಯ ಜೊತೆ ಕೂಡಿಸಿ ಸುತ್ತಲಿನ ಹಳ್ಳಿಗಳ ಗೋಡೆಗಳನ್ನು ಕಟ್ಟಿದ್ದಾರೆ. ಒಳನಾಡಿಗೆ ಹೋದಂತೆ ನೆಲದ ರೂಪ ಬದಲಾಗುತ್ತದೆ. ಬ್ರೇ ಎಂದು ಕರೆಯುವ ಈ ಪ್ರಾಂತ್ಯದಲ್ಲಿ ಭೂಪದರಗಳು ಕಮಾನಿನಂತೆ ಉಬ್ಬಿ, ಆ ಉಬ್ಬಿನ ನೆತ್ತಿಯ ಸೀಮೆಸುಣ್ಣ ಕಾಲಾಂತರದಲ್ಲಿ ಸವೆದುಹೋಗಿ, ಅಡಿಯಲ್ಲಿದ್ದ ಜೇಡಿಮಣ್ಣು ಮತ್ತು ಮರಳು ಬಯಲಿಗೆ ಬಂದಿವೆ. ಹೀಗಾಗಿ ನಡುವೆ ತೇವದ ಹಸಿರು ಹುಲ್ಲುಗಾವಲು, ಎರಡೂ ಅಂಚಿನಲ್ಲಿ ಸೀಮೆಸುಣ್ಣದ ದಿಬ್ಬಗಳು. ದನ ಮೇಯುವುದು ಕೆಳಗೆ, ಗೋಧಿ ಬೆಳೆಯುವುದು ಮೇಲೆ.

ಹಾದಿಯ ದುರ್ಬಲ ಭಾಗ ಅದರ ಆರಂಭವೇ. ವಾಹನರಹಿತ ಮಾರ್ಗ ಶುರುವಾಗುವುದು ಆರ್ಕ್-ಲ-ಬತಾಯ್ ಎಂಬಲ್ಲಿ. ಬಂದರಿನಿಂದ ಅಲ್ಲಿಯವರೆಗಿನ ದಾರಿ ಊರಿನ ಗಲಾಟೆಯ ನಡುವೆಯೇ ಹೋಗುತ್ತದೆ, ಫಲಕಗಳನ್ನು ಹುಡುಕಿಕೊಂಡು ಸಾಗಬೇಕು. ಲಂಡನ್–ಪ್ಯಾರಿಸ್ ಹಾದಿಯೆಂದು ಹೆಸರು ಪಡೆದ ಮಾರ್ಗಕ್ಕೆ ಬಂದರಿನ ಬಾಗಿಲಿನಿಂದಲೇ ಪ್ರತ್ಯೇಕ ಪಥ ಇರಬೇಕಿತ್ತು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಆರ್ಕ್ ತಲುಪಿದೊಡನೆ ಈ ಅಸಮಾಧಾನ ಕರಗುತ್ತದೆ. ಊರಿನ ಮೇಲಿನ ಸೀಮೆಸುಣ್ಣದ ಏಣಿನ ತುದಿಯಲ್ಲಿ 11ನೆಯ ಶತಮಾನದಲ್ಲಿ ಆರಂಭವಾದ ಕೋಟೆಯ ಅವಶೇಷವಿದೆ. ಅದನ್ನು ಕಟ್ಟಿಸಿದವನು ಇಂಗ್ಲೆಂಡನ್ನು ಗೆದ್ದ ವಿಲಿಯಮ್‌ನ ಚಿಕ್ಕಪ್ಪ. 1589ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿ ತನಗಿಂತ ದೊಡ್ಡ ಸೇನೆಯನ್ನು ಎದುರಿಸಿ ಗೆದ್ದದ್ದೂ ಇದೇ ಕಣಿವೆಯಲ್ಲಿ. ಕೋಟೆಯನ್ನು ಹೊರಗಿನಿಂದಷ್ಟೇ ನೋಡಿದರೂ, ಕೆಳಗೆ ಮೂರು ಹೊಳೆಗಳು ಕೂಡುವ ಬಯಲು ಮತ್ತು ಅದನ್ನು ಕಾಯುವುದಕ್ಕೆ ಈ ಏಣನ್ನೇ ಆರಿಸಿದ ಜಾಣ್ಮೆ ಎರಡೂ ತಿಳಿಯುತ್ತವೆ.

ಆರ್ಕ್‌ನಿಂದ ಮುಂದಿನ ಸುಮಾರು 30 ಕಿಲೋಮೀಟರು ಈ ಹಾದಿಯ ಹೃದಯಭಾಗ. ಸೇಬಿನ ತೋಟಗಳು, ಕಣ್ಣಿನ ಸುತ್ತ ಕಂದು ಮಚ್ಚೆಯಿರುವ ನಾರ್ಮನ್ ಹಸುಗಳು, ಮರದ ಚೌಕಟ್ಟಿಗೆ ಮಣ್ಣು ತುಂಬಿ ಕಟ್ಟಿದ ಮನೆಗಳು ಒಂದಾದ ಮೇಲೊಂದು ಬರುತ್ತವೆ. ಕೆಲವೆಡೆ ನದಿ ತೀರಾ ಹತ್ತಿರ ಬಂದು ಮತ್ತೆ ದೂರ ಸರಿಯುತ್ತದೆ. ಇಲ್ಲಿ ಹೊಸಬರು ಗಮನಿಸಬೇಕಾದ ಸಂಗತಿಯೊಂದಿದೆ: ರೈಲು ಮಾರ್ಗ ಹಳ್ಳಿಗಳ ಅಂಚಿನಲ್ಲಿ ಹಾದುಹೋಗುತ್ತದೆಯೇ ಹೊರತು ಒಳಹೊಕ್ಕು ಹೋಗುವುದಿಲ್ಲ. ಡಾಂಬರಿನ ಪಟ್ಟಿಯನ್ನು ಬಿಡದೆ ತುಳಿದರೆ ಮಧ್ಯಾಹ್ನದೊಳಗೆ ಫೋರ್ಜ್ ತಲುಪಬಹುದು, ಆದರೆ ಒಂದು ಹಳ್ಳಿಯನ್ನೂ ಕಂಡಂತಾಗುವುದಿಲ್ಲ. ಬ್ಯೂರ್-ಆಂ-ಬ್ರೇಯಲ್ಲಿ ತಿರುಗಿ ಒಳಗೆ ಹೋದವರಿಗಷ್ಟೇ ಆ ಊರಿನ ಚರ್ಚಿನ ತಿರುಚಿದ ಗೋಪುರವನ್ನು ಹತ್ತಿರದಿಂದ ನೋಡಲು ಸಿಗುತ್ತದೆ. ಬುಡದಿಂದ ತುದಿಯವರೆಗೆ ಅದರ ಮೂಲೆಗೆರೆಗಳು ಒಂದೇ ದಿಕ್ಕಿಗೆ ಸುತ್ತಿಕೊಂಡು ಏರುತ್ತವೆ. ಅದರಡಿ ನಿಂತು ಬಹಳ ಹೊತ್ತು ಕತ್ತೆತ್ತಿ ನೋಡಿದೆ. ಮೆನಿಯೇರ್-ಆಂ-ಬ್ರೇಯ ಅರಮನೆ ಮಾತ್ರ ಹಾದಿಯ ಪಕ್ಕದಲ್ಲೇ ಇದೆ. ದುಂಡು ಬುರುಜುಗಳ ಆ ಪುನರುಜ್ಜೀವನ ಕಾಲದ ಕಟ್ಟಡದಲ್ಲಿ ಈಗ ಶಾಲೆ ನಡೆಯುತ್ತಿದೆ.

ಕಾಲಲ್ಲಿ ಸ್ವಲ್ಪ ಕಸುವಿದ್ದವರು ಈ ಭಾಗದಲ್ಲಿ ಒಮ್ಮೆಯಾದರೂ ಹಾದಿಯನ್ನು ಬಿಟ್ಟು ದಿಬ್ಬ ಹತ್ತಲೇಬೇಕು. ಕಣಿವೆಯ ತಳದಲ್ಲಿ ಸಾಗುವವರಿಗೆ ಸೀಮೆಸುಣ್ಣದ ನಾಡಿನ ಉಬ್ಬುತಗ್ಗು ದೂರದ ಅಂಚಾಗಿ ಕಾಣುತ್ತದೆಯೇ ಹೊರತು ಅನುಭವಕ್ಕೆ ಬರುವುದಿಲ್ಲ. ಪಶ್ಚಿಮದ ದಿಬ್ಬದ ಮೇಲೆ ಎಯಾವಿ ಎಂಬ ವಿಶಾಲವಾದ ಬೀಚ್ ಮರಗಳ ಕಾಡಿದೆ. ಅಲ್ಲಿಗೆ ಹೋಗುವ ಚಿಕ್ಕ ರಸ್ತೆಗಳಲ್ಲಿ ವಾಹನಗಳು ಅಪರೂಪ, ಏರು ಮಾತ್ರ ನಿಜವಾದ ಏರು. ಬೇಸಿಗೆಯ ಆರಂಭದಲ್ಲಿ ಹೋದರೆ ತೆಳುಮಣ್ಣಿನ ಇಳಿಜಾರುಗಳಲ್ಲಿ ನೆಲದ ಆರ್ಕಿಡ್‌ಗಳೂ ಜುನಿಪರ್ ಪೊದೆಗಳೂ ಕಾಣುತ್ತವೆ. ಕಡಲಿನತ್ತ ಚಾಚಿರುವ ಪ್ರಸ್ಥಭೂಮಿಯಲ್ಲಿ ಜೂನ್ ತಿಂಗಳಲ್ಲಿ ಅಗಸೆ ಹೊಲಗಳು ನೀಲಿಯಾಗುತ್ತವೆ. ನಾರಿಗಾಗಿ ಬೆಳೆಯುವ ಈ ಅಗಸೆಯ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಉದುರುತ್ತದೆ. ಆದ್ದರಿಂದ ದಿಬ್ಬ ಹತ್ತುವ ಕೆಲಸವನ್ನು ಬೆಳಗಿನ ಹೊತ್ತಿಗೇ ಇಟ್ಟುಕೊಳ್ಳುವುದು ಒಳ್ಳೆಯದು.

ರಾತ್ರಿ ತಂಗಲು ನ್ಯೂಶಾತೆಲ್-ಆಂ-ಬ್ರೇ ಸರಿಯಾದ ಊರು. 1940ರ ಬಾಂಬ್ ದಾಳಿಯಲ್ಲಿ ಹಾಳಾಗಿ ಯುದ್ಧದ ನಂತರ ಮತ್ತೆ ಕಟ್ಟಿದ ಪಟ್ಟಣವಾದ್ದರಿಂದ ಹಳೆಯ ಚೆಲುವನ್ನು ನಿರೀಕ್ಷಿಸಬಾರದು. ಆದರೆ ಶನಿವಾರದ ಸಂತೆ ಸೊಗಸಾಗಿದೆ, ಊರಿನ ಹೆಸರನ್ನೇ ಹೊತ್ತ ಚೀಸ್ ಅಲ್ಲಿ ಮಾಡಿದವರ ಕೈಯಿಂದಲೇ ಸಿಗುತ್ತದೆ. ಹೃದಯದಾಕಾರದ ಈ ಚೀಸಿಗೆ 1969ರಿಂದ ಮೂಲಸ್ಥಾನದ ಮಾನ್ಯತೆಯಿದೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷಗಳ ಯುದ್ಧದ ಕಾಲದಲ್ಲಿ ಇಲ್ಲಿನ ಹುಡುಗಿಯರು ಇಂಗ್ಲಿಷ್ ಸೈನಿಕರಿಗೆ ಕೊಡಲೆಂದು ಈ ಆಕಾರ ಮಾಡಿದರೆಂಬ ಐತಿಹ್ಯವೂ ಇದೆ. ಮೇಲೆ ಬಿಳಿಯ ಮೃದುವಾದ ಸಿಪ್ಪೆ, ಒಳಗೆ ತುಸು ಉಪ್ಪಾದ, ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನಂತೆ ಪುಡಿಯಾಗುವ ತಿರುಳು. ಸಾಂಪ್ರದಾಯಿಕವಾಗಿ ಇದಕ್ಕೆ ಹೆಪ್ಪು ಹಾಕುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ ಎಂಬುದನ್ನು ಕಟ್ಟುನಿಟ್ಟಿನ ಸಸ್ಯಾಹಾರಿಗಳು ತಿಳಿದಿರಬೇಕು.

ಊಟದ ವಿಷಯದಲ್ಲಿ ಈ ಹಾದಿಗೆ ನಾನು ಹೆಚ್ಚು ಅಂಕ ಕೊಡಲಾರೆ. ಹಳ್ಳಿಗಳಲ್ಲಿ ಅಂಗಡಿಗಳು ಕಡಿಮೆ, ಇರುವವೂ ಮಧ್ಯಾಹ್ನ ಮುಚ್ಚಿರುತ್ತವೆ, ಸೋಮವಾರ ಹಲವು ತೆರೆಯುವುದೇ ಇಲ್ಲ. ನಾವು ತಂಗಿದ್ದ ಒಂದು ವಸತಿಗೃಹದಲ್ಲಿ ಮಾಂಸ ತಿನ್ನುವುದಿಲ್ಲವೆಂದು ಮೊದಲೇ ಪತ್ರ ಬರೆದು ತಿಳಿಸಿದ್ದರೂ ಸಲಾಡಿನ ಮೇಲೆ ಹಂದಿಮಾಂಸದ ಸಣ್ಣ ಚೂರುಗಳನ್ನು ಉದುರಿಸಿಯೇ ತಂದಿಟ್ಟರು. ಅತ್ತೆಯವರು ಆ ರಾತ್ರಿ ಬರೀ ಬ್ರೆಡ್ಡು ಮತ್ತು ಸೇಬು ತಿಂದು ಮಲಗಬೇಕಾಯಿತು. ಮಾಂಸ, ಮೀನು, ಹಂದಿಯ ಚೂರು ಯಾವುದೂ ಬೇಡವೆಂದು ಒಂದೊಂದನ್ನೂ ಹೆಸರಿಸಿ ಹೇಳುವುದೇ ಕ್ಷೇಮ. ಬೆಳಿಗ್ಗೆ ಬೇಕರಿ ತೆರೆದ ಕೂಡಲೇ ದಿನಕ್ಕಾಗುವಷ್ಟು ಬ್ರೆಡ್ಡು, ಹಣ್ಣು, ನೀರು ಚೀಲಕ್ಕೆ ತುಂಬಿಕೊಂಡು ಹೊರಡುವ ರೂಢಿ ಇನ್ನೂ ಒಳ್ಳೆಯದು.

ನ್ಯೂಶಾತೆಲ್‌ನಿಂದ ಫೋರ್ಜ್‌ವರೆಗಿನ ಉಳಿದ ಭಾಗ ಹೆಚ್ಚು ನಿರ್ಜನ. ಕೆಲವೆಡೆ ಹಾದಿ ಬಹಳ ದೂರ ನೇರವಾಗಿ ಹೋಗುವುದರಿಂದ ಎದುರುಗಾಳಿ ಇದ್ದ ದಿನ ಮನಸ್ಸಿಗೆ ಬೇಸರವಾದೀತು. ಫೋರ್ಜ್ ಕಬ್ಬಿಣಾಂಶದ ಚಿಲುಮೆಗಳಿಂದ ಹೆಸರಾದ ಊರು. 1633ರಲ್ಲಿ ಹದಿಮೂರನೆಯ ಲೂಯಿ, ರಾಣಿ ಆನ್ ಮತ್ತು ಮಂತ್ರಿ ರಿಷಲ್ಯೂ ಇಲ್ಲಿಗೆ ನೀರು ಕುಡಿಯಲು ಬಂದಿದ್ದರು.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಲ್ಲಿಗೆ ಬರುವುದು ಸುಲಭ. ನ್ಯೂಹೇವನ್ ಬಂದರಿನಿಂದ ಡಿಯೆಪ್‌ಗೆ ಹಡಗಿನಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣ, ಸೈಕಲ್ಲನ್ನು ತಳ್ಳಿಕೊಂಡೇ ಹತ್ತಬಹುದು. ಭಾರತದ ಪಾಸ್‌ಪೋರ್ಟ್ ಇರುವವರು ಬ್ರಿಟನ್ನಿನಲ್ಲಿ ವಾಸಿಸುತ್ತಿದ್ದರೂ ಷೆಂಗೆನ್ ವೀಸಾ ಪಡೆದೇ ಹೊರಡಬೇಕು. ಬಂದ ದಾರಿಯಲ್ಲೇ ಹಿಂದಿರುಗಿದರೆ ಇಳಿಜಾರು ನಿಮ್ಮ ಪರವಾಗಿರುತ್ತದೆ, ಪಡುವಣ ಗಾಳಿ ವಿರುದ್ಧವಾಗಿರಬಹುದು; ಹಾಗೆ ಬೇಡವೆನ್ನುವವರು ಫೋರ್ಜ್ ಪಕ್ಕದ ಸೆರ್ಕ್ಯೂ ನಿಲ್ದಾಣದಿಂದ ರುವಾನ್‌ಗೆ, ಅಲ್ಲಿಂದ ಡಿಯೆಪ್‌ಗೆ ರೈಲು ಹಿಡಿಯಬಹುದು. 2025ರ ಏಪ್ರಿಲ್‌ನಲ್ಲಿ ಬಂದ ನಿಯಮದಂತೆ ಪ್ರಯಾಣಿಕರು ಯುರೋಪಿನಿಂದ ಬ್ರಿಟನ್ನಿಗೆ ಹಾಲಿನ ಪದಾರ್ಥಗಳನ್ನು ತರುವಂತಿಲ್ಲವಾದ್ದರಿಂದ ಚೀಸನ್ನು ಅಲ್ಲಿಯೇ ತಿಂದು ಮುಗಿಸಬೇಕು. ಫೋರ್ಜ್‌ನಿಂದ ಪ್ಯಾರಿಸ್ ಕಡೆಗೆ ಮುಂದುವರಿಯುವವರು ಮತ್ತೆ ಹಳ್ಳಿ ರಸ್ತೆಗಳಿಗೆ ಸಿದ್ಧರಾಗಬೇಕು. ಜಿಜೋರ್ ದಾಟಿದ ಮೇಲೆ ಎಪ್ಟ್ ನದಿಯ ಕಣಿವೆಯಲ್ಲಿ ಗಾಸ್ನಿಯತ್ತ ಇಂಥದೇ ಇನ್ನೊಂದು ಹಳೆಯ ರೈಲು ಮಾರ್ಗ ಸೈಕಲ್ ಹಾದಿಯಾಗಿದೆ. ಅತ್ತ ಹೋಗುವಷ್ಟು ರಜೆ ಇಲ್ಲದ ಕುಟುಂಬಗಳು ಡಿಯೆಪ್‌ನಿಂದ ಹೊರಟು ನ್ಯೂಶಾತೆಲ್‌ನಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನವನ್ನು ದಿಬ್ಬದ ಮೇಲಿನ ಹಳ್ಳಿಗಳಿಗೆ ಕೊಡುವುದು ಸರಿಯಾದ ಏರ್ಪಾಡು.