ತಪ್ಪಾಗಿ ಕಡಿತವಾದ ಬ್ಯಾಂಕ್ ಶುಲ್ಕ: ಶಾಖೆ, ಒಂಬುಡ್ಸ್‌ಮನ್, ಗ್ರಾಹಕರ ಆಯೋಗ – ಬಡ್ಡಿ ಸಿಗುವುದು ಎಲ್ಲಿ?

ಉಳಿತಾಯ ಖಾತೆಯಿಂದ ನಿಯಮ ಮೀರಿ ಕಡಿತವಾದ ಶುಲ್ಕವನ್ನು ಮರಳಿ ಪಡೆಯಲು ಭಾರತದಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ: ಬ್ಯಾಂಕಿಗೇ ಕೊಡುವ ದೂರು, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) ಮತ್ತು ಜಿಲ್ಲಾ ಗ್ರಾಹಕರ ಆಯೋಗ. ನನ್ನ ಮತ್ತು ಮನೆಯವರ ಬೇರೆ ಬೇರೆ ಖಾತೆಗಳ ವಿಷಯದಲ್ಲಿ ಈ ಮೂರನ್ನೂ ಬಳಸಿ ನೋಡಿದ್ದೇನೆ. ಅಸಲು ಮೂರು ಕಡೆಯೂ ಬಂತು. ಬಡ್ಡಿಯ ಮಾತಿಗೆ ಬಂದರೆ ಮಾತ್ರ ಇವುಗಳ ನಡುವೆ ಅಜಗಜಾಂತರ.

ಯಾವ ದಾರಿ ಹಿಡಿದರೂ ‘ಶುಲ್ಕ ಹೆಚ್ಚಾಯಿತು’ ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ಶುಲ್ಕದ ಮೊತ್ತವನ್ನು ನಿಗದಿಪಡಿಸುವ ಸ್ವಾತಂತ್ರ್ಯ ಬಹುಮಟ್ಟಿಗೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಗೇ ಇದೆ. ನಿಲ್ಲುವುದು ನಿಯಮಭಂಗದ ವಾದ. ಕನಿಷ್ಠ ಶಿಲ್ಕು (ಮಿನಿಮಮ್ ಬ್ಯಾಲೆನ್ಸ್) ಇಡದ್ದಕ್ಕೆ ಹಾಕುವ ದಂಡವನ್ನೇ ತೆಗೆದುಕೊಳ್ಳಿ. ಶಿಲ್ಕು ಕಡಿಮೆಯಾದಾಗ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಿ, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು. ಆ ದಂಡದ ಕಾರಣದಿಂದಲೇ ಖಾತೆ ಮೈನಸ್‌ಗೆ ಇಳಿಯಬಾರದು ಎಂದು ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆ ಹೇಳಿತು, ಮತ್ತು ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಮ್ಮ ಒಂದು ಖಾತೆಯಲ್ಲಿ ಮುನ್ಸೂಚನೆಯೂ ಇರಲಿಲ್ಲ, ಶಿಲ್ಕು ಸೊನ್ನೆಗಿಂತ ಕೆಳಕ್ಕೂ ಹೋಗಿತ್ತು. ಪಾಸ್‌ಬುಕ್ಕಿನ ಆ ಒಂದು ಪುಟವೇ ಅರ್ಧ ಕೆಲಸ ಮುಗಿಸಿತು.

ವೇಗದಲ್ಲಿ ಶಾಖೆಯನ್ನು ಮೀರಿಸುವವರಿಲ್ಲ. ಸುತ್ತೋಲೆಯ ಪ್ರತಿ ಲಗತ್ತಿಸಿ, ಎರಡನೇ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಕೊಟ್ಟ ಅರ್ಜಿಗೆ ವ್ಯವಸ್ಥಾಪಕರು ಹೆಚ್ಚು ವಾದ ಮಾಡಲಿಲ್ಲ. ಆದರೆ ಮರಳಿ ಜಮೆಯಾದ ಮೊತ್ತವನ್ನು ನೋಡಿದಾಗ ಜಿಎಸ್‌ಟಿ ಕಾಣಲಿಲ್ಲ. ₹500 ಶುಲ್ಕ ಹಾಕಿದರೆ ಶೇ 18ರ ತೆರಿಗೆ ಸೇರಿ ಖಾತೆಯಿಂದ ಹೋಗುವುದು ₹590. ಹಿಂದಿರುಗುವಾಗ ಬರೀ ₹500 ಬಂದರೆ ಉಳಿದ ₹90ನ್ನು ಮತ್ತೆ ಕೇಳಬೇಕಾಗುತ್ತದೆ. ಕೇಳಿದ ಮೇಲೆ ಅದೂ ಬಂತು. ಬಡ್ಡಿಯ ಪ್ರಸ್ತಾಪಕ್ಕೆ ಮಾತ್ರ ‘ಸಿಸ್ಟಮ್‌ನಲ್ಲಿ ಆ ಆಯ್ಕೆ ಇಲ್ಲ’ ಎಂಬ ಉತ್ತರ ಸಿಕ್ಕಿತು. ದಂಡ ಕಡಿಯುವ ಆಯ್ಕೆಯನ್ನು ಇಟ್ಟುಕೊಂಡ ಸಿಸ್ಟಮ್‌ಗೆ ಬಡ್ಡಿ ಕೊಡುವ ಆಯ್ಕೆ ಮಾತ್ರ ಹೇಗೆ ಇಲ್ಲದೆ ಹೋಯಿತೋ ಆ ಸಿಸ್ಟಮ್‌ಗೇ ಗೊತ್ತು.

ಎರಡನೆಯದು ಒಂಬುಡ್ಸ್‌ಮನ್. 2021ರ ನವೆಂಬರ್ 12ರಂದು ಆರಂಭವಾದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ನಾನು ದೂರು ಸಲ್ಲಿಸಿದ್ದು ರಿಸರ್ವ್ ಬ್ಯಾಂಕಿನ ಆನ್‌ಲೈನ್ ದೂರು ವ್ಯವಸ್ಥೆಯಾದ ಸಿಎಂಎಸ್ ಪೋರ್ಟಲ್ ಮೂಲಕ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಮೊದಲು ಬ್ಯಾಂಕಿಗೆ ದೂರು ಕೊಟ್ಟು, ಅದು ತಿರಸ್ಕೃತವಾಗಿರಬೇಕು, ಉತ್ತರ ತೃಪ್ತಿಕರವಾಗಿರಬಾರದು ಅಥವಾ 30 ದಿನ ಕಳೆದರೂ ಉತ್ತರ ಬಾರದೆ ಇರಬೇಕು. ಈ ದಾರಿಯ ಬಲ ಮತ್ತು ದೌರ್ಬಲ್ಯ ಎರಡೂ ಒಂದೇ ಕಡೆ ಇವೆ: ಎಲ್ಲವೂ ಕಾಗದದ ಮೇಲೆ ತೀರ್ಮಾನವಾಗುತ್ತದೆ. ಮುನ್ಸೂಚನೆ ಕಳಿಸಿದ ದಾಖಲೆಯನ್ನು ಬ್ಯಾಂಕ್ ತೋರಿಸಲಾಗದಿದ್ದಾಗ ನಮ್ಮ ಪ್ರಕರಣ ತಾನಾಗಿಯೇ ಗಟ್ಟಿಯಾಯಿತು, ಮತ್ತು ಆದೇಶದವರೆಗೆ ಹೋಗದೆ ರಾಜಿಯಲ್ಲೇ ಮುಗಿಯಿತು. ತೆರಿಗೆ ಸಮೇತ ಪೂರ್ತಿ ಮೊತ್ತ ಬಂತು. ಬಡ್ಡಿ ಎಂದು ಬಂದದ್ದು ಉಳಿತಾಯ ಖಾತೆಯ ದರದ ಲೆಕ್ಕದ ಚಿಲ್ಲರೆ. ನಷ್ಟ ಪರಿಹಾರಕ್ಕೆ ಆ ಯೋಜನೆಯಲ್ಲಿ ₹20 ಲಕ್ಷದವರೆಗೆ, ಮಾನಸಿಕ ಕಿರುಕುಳ, ಸಮಯ ಮತ್ತು ಖರ್ಚಿಗೆ ಪ್ರತ್ಯೇಕವಾಗಿ ₹1 ಲಕ್ಷದವರೆಗೆ ಅವಕಾಶವಿತ್ತಾದರೂ, ಸಣ್ಣ ಶುಲ್ಕದ ದೂರಿಗೆ ಆ ಅಂಕಿಗಳು ದೂರದ ಬೆಟ್ಟ.

ಬಡ್ಡಿ ಎಂಬ ಶಬ್ದಕ್ಕೆ ನಿಜವಾದ ಬೆಲೆ ಸಿಗುವುದು ಗ್ರಾಹಕರ ಆಯೋಗದಲ್ಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 39ನೇ ಕಲಮು, ಪಾವತಿಸಿದ ಶುಲ್ಕವನ್ನು ಆಯೋಗ ನಿರ್ಧರಿಸುವ ಬಡ್ಡಿಯೊಂದಿಗೆ ಹಿಂದಿರುಗಿಸಲು ಆದೇಶಿಸುವ ಅಧಿಕಾರವನ್ನು ನೇರವಾಗಿ ಕೊಡುತ್ತದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಸೇವೆಗೆ ಪಾವತಿಸಿದ ಮೊತ್ತ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ಸ್ವತಃ ವಾದಿಸಲೂ ಅಡ್ಡಿಯಿಲ್ಲ. ನಾನು ಇಲ್ಲಿಗೆ ತಂದದ್ದು ಸಾಲದ ಖಾತೆಯೊಂದರಲ್ಲಿ ವರ್ಷಗಟ್ಟಲೆ ಸೇರಿಕೊಂಡಿದ್ದ, ಕರಾರಿನಲ್ಲಿ ಇಲ್ಲದ ಶುಲ್ಕಗಳ ವಿವಾದವನ್ನು. ಬ್ಯಾಂಕಿನ ವಕೀಲರು ತಕರಾರು ಸಲ್ಲಿಸಲು ಸಮಯ ಕೇಳಿದರು, ಆಮೇಲೆ ಪ್ರಮಾಣಪತ್ರ, ಆಮೇಲೆ ವಾದ, ನಡುನಡುವೆ ಮುಂದೂಡಿಕೆ. ಕಾಯ್ದೆ ಹೇಳುವ ಮೂರು ತಿಂಗಳ ಗಡುವು ಕಾಯ್ದೆಯ ಪುಸ್ತಕದಲ್ಲೇ ಉಳಿಯಿತು. ಕೊನೆಗೆ ಅಸಲು, ಬಡ್ಡಿ ಮತ್ತು ವ್ಯಾಜ್ಯದ ಖರ್ಚು ಮೂರನ್ನೂ ಸೇರಿಸಿ ಆದೇಶವಾಯಿತು. ಬಡ್ಡಿಯನ್ನು ಶುಲ್ಕ ಕಡಿದ ದಿನದಿಂದ ಕೇಳಿದ್ದರೂ, ಆಯೋಗ ಕೊಟ್ಟದ್ದು ನಾನು ಬ್ಯಾಂಕಿಗೆ ಲಿಖಿತ ನೋಟಿಸ್ ಕೊಟ್ಟ ದಿನದಿಂದ.

ಈ ಕಾರಣಕ್ಕೆ ಶಾಖೆಗೆ ಕೊಡುವ ಮೊದಲ ಅರ್ಜಿಯಲ್ಲೇ ಬಡ್ಡಿಯ ಬೇಡಿಕೆಯನ್ನು ದಿನಾಂಕ ಸಮೇತ ಬರೆಯುವುದು ಒಳ್ಳೆಯದು, ಅಲ್ಲಿ ಅದು ಸಿಗುವುದಿಲ್ಲ ಎಂದು ಗೊತ್ತಿದ್ದರೂ ಸರಿ. ಬಡ್ಡಿ ಕೇಳುವುದಾಗಿ ಲಿಖಿತ ನೋಟಿಸ್ ಕೊಟ್ಟ ದಿನಕ್ಕೆ 1978ರ ಬಡ್ಡಿ ಕಾಯ್ದೆಯೂ ಮಹತ್ವ ಕೊಡುತ್ತದೆ.

ಹಾಗಾದರೆ ಯಾವುದು ಮೇಲು? ಮೊತ್ತ ನೋಡಿ ಹೇಳಬೇಕು. ₹590ಕ್ಕೆ ಶೇ 9ರಂತೆ ಮೂರು ವರ್ಷದ ಬಡ್ಡಿ ಲೆಕ್ಕ ಹಾಕಿದರೆ ಸುಮಾರು ₹159. ಅದಕ್ಕಾಗಿ ಆಯೋಗದ ಬೆಂಚಿನ ಮೇಲೆ ಕೂರುವುದು ಹಟವೇ ಹೊರತು ಲೆಕ್ಕಾಚಾರವಲ್ಲ. ಇಂಥವಕ್ಕೆ ಶಾಖೆ, ಅಲ್ಲಿ ಆಗದಿದ್ದರೆ ಒಂಬುಡ್ಸ್‌ಮನ್ ಸಾಕು. ಸಾವಿರಗಟ್ಟಲೆ ಹಣ ಹಲವು ವರ್ಷ ಬ್ಯಾಂಕಿನ ಬಳಿಯೇ ಉಳಿದಿದ್ದರೆ ನನ್ನ ಆಯ್ಕೆ ಆಯೋಗವೇ. ಆದರೆ ಕ್ರಮ ತಪ್ಪಬಾರದು: ಆಯೋಗದಲ್ಲಿ ಅದೇ ವಿವಾದ ನಡೆಯುತ್ತಿದ್ದರೆ ಒಂಬುಡ್ಸ್‌ಮನ್ ದೂರನ್ನು ಕೈಗೆತ್ತಿಕೊಳ್ಳುವುದಿಲ್ಲ. ಇತ್ತ ಆಯೋಗಕ್ಕೆ ಹೋಗಲು ಇರುವ ಎರಡು ವರ್ಷದ ಕಾಲಮಿತಿ ಒಂಬುಡ್ಸ್‌ಮನ್ ಉತ್ತರಕ್ಕಾಗಿ ಕಾಯುತ್ತಾ ನಿಲ್ಲುತ್ತದೆ ಎಂದು ನಂಬಿಕೊಂಡು ಕೂರುವಂತಿಲ್ಲ. ಇನ್ನು ರಾಜಿಯ ಹಂತದಲ್ಲಿ ಬ್ಯಾಂಕ್ ಮುಂದಿಡುವ ಒಪ್ಪಿಗೆ ಪತ್ರದಲ್ಲಿ ‘ಪೂರ್ಣ ಮತ್ತು ಅಂತಿಮ ಇತ್ಯರ್ಥ’ ಎಂಬ ಸಾಲು ಇದೆಯೇ ಎಂದು ಸಹಿಗೆ ಮುನ್ನ ನೋಡಿಕೊಳ್ಳಬೇಕು. ಅದಕ್ಕೆ ಸಹಿ ಹಾಕಿದರೆ ಅದೇ ಮೊತ್ತದ ಬಡ್ಡಿಗಾಗಿ ಮುಂದೆ ಆಯೋಗದ ಮೆಟ್ಟಿಲೇರುವುದು ಕಷ್ಟ.